ನುಸಿ ಮರಿಯ ಹೊಟ್ಟೆಯಲ್ಲಿ ಸೆರೋಟೋನಿನ್‌ಗೆ ಎಂತ ಕೆಲಸ?

ಪ್ರಶ್ನೆ: ಸರ್, ನಾನು ಬದಿಯಡ್ಕದ ಹತ್ತಿರ ಹೈಸ್ಕೂಲ್ ಟೀಚರ್. ನಮ್ಮದು ಅಡಿಕೆ ತೋಟ, ಮಳೆಗಾಲದಲ್ಲಿ ನುಸಿ ಕಾಟ ಹೇಳಿ ಪ್ರಯೋಜನ ಇಲ್ಲ, ಕಳೆದ ವರ್ಷ ಮನೆಯಲ್ಲಿ ಇಬ್ಬರಿಗೆ ಡೆಂಗಿ ಆಯ್ತು. ನುಸಿಯ ಲಾರ್ವಾದ ಕರುಳು ನಡೆಯುದು ಸೆರೋಟೋನಿನ್ ರಿಸೆಪ್ಟರ್‌ಗಳಿಂದ ಅಂತ ಮೊನ್ನೆ ಓದಿದೆ. ಸೆರೋಟೋನಿನ್ ಹೇಳಿದ್ರೆ ಮನಸ್ಸಿನ ಖುಷಿಯ ಹಾರ್ಮೋನ್ ಅಲ್ವಾ, ಹುಳದ ಹೊಟ್ಟೆಯಲ್ಲಿ ಅದಕ್ಕೆ ಎಂತ ಕೆಲಸ? ಆ ರಿಸೆಪ್ಟರನ್ನು ಬಂದ್ ಮಾಡುವ ಮದ್ದು ನೀರಿಗೆ ಹಾಕಿದ್ರೆ ಮರಿಗಳು ಸಾಯ್ಲಿಕ್ಕಿಲ್ವಾ? ಇನ್ನೊಂದು, ಡ್ರಮ್ಮಿಗೆ ನುಸಿ ಮರಿ ಕೊಲ್ಲುವ ಬಿಟಿಐ ಪುಡಿ ಹಾಕಿದಾಗ ಹೆಚ್ಚಿನವು ಸತ್ತವು, ಆದ್ರೆ ಕೊಕ್ಕೆ ಹಾಗೆ ಬಾಗಿದ ಕೆಲವು ಆರಾಮಲ್ಲಿ ಓಡಾಡ್ತಾ ಇದ್ದವು, ಅದು ಯಾಕೆ?

ಉತ್ತರ: ಟೀಚರೇ, ನಿಮ್ಮ ಮೂರು ಪ್ರಶ್ನೆಗೂ ಉತ್ತರ ಇರುದು ಒಂದೇ ಜಾಗದಲ್ಲಿ, ಆ ಮರಿಯ ಹೊಟ್ಟೆಯ ಮುಂದಿನ ಅರ್ಧದಲ್ಲಿ. ಅಲ್ಲಿಗೆ ಹೋಗುವ ಮೊದಲು ಖುಷಿಯ ಹಾರ್ಮೋನ್ ಅಂತ ಹೇಳುದನ್ನು ಸ್ವಲ್ಪ ಪಕ್ಕಕ್ಕೆ ಇಡುವ, ಯಾಕೆಂದ್ರೆ ಆ ಹೆಸರು ತಲೆಯಲ್ಲಿ ಕೂತ್ರೆ ಮುಂದಿನದ್ದು ಯಾವುದೂ ಸರಿ ಕಾಣುದಿಲ್ಲ.

ಸೆರೋಟೋನಿನ್ ಮನುಷ್ಯರ ಕಣ್ಣಿಗೆ ಮೊದಲು ಬಿದ್ದದ್ದೇ ಹೊಟ್ಟೆಯಲ್ಲಿ, ಮೆದುಳಿನಲ್ಲಿ ಅಲ್ಲ. 1930ರ ದಶಕದಲ್ಲಿ ಇಟಲಿಯ ವಿಟ್ಟೋರಿಯೊ ಎರ್ಸ್‌ಪಾಮರ್ ಪ್ರಾಣಿಗಳ ಜಠರ ಕರುಳಿನ ಗೋಡೆಯಿಂದ ಒಂದು ವಸ್ತು ತೆಗೆದರು, ಅದು ಸ್ನಾಯುವನ್ನು ಬಿಗಿ ಮಾಡ್ತಿತ್ತು, ಅದಕ್ಕೆ ಎಂಟೆರಮೈನ್ ಅಂತ ಹೆಸರಿಟ್ಟರು, ಎಂಟೆರೋನ್ ಹೇಳಿದ್ರೆ ಕರುಳು. ಅಮೇರಿಕದಲ್ಲಿ 1948ರಲ್ಲಿ ರಾಪೋರ್ಟ್, ಗ್ರೀನ್, ಪೇಜ್ ಮೂವರು ಸೇರಿ ರಕ್ತದ ಸೀರಂನಿಂದ ರಕ್ತನಾಳ ಬಿಗಿಮಾಡುವ ಒಂದು ವಸ್ತುವನ್ನು ಬೇರ್ಪಡಿಸಿ ಸೆರೋಟೋನಿನ್ ಅಂದರು. 1952ರ ಹೊತ್ತಿಗೆ ಗೊತ್ತಾಯ್ತು ಎರಡೂ ಒಂದೇ ಅಂತ. ಇವತ್ತಿಗೂ ನಮ್ಮ ಮೈಯ ಸೆರೋಟೋನಿನ್‌ನಲ್ಲಿ ಸುಮಾರು 90 ಶೇಕಡ ಇರುದು ಕರುಳಿನಲ್ಲೇ. ಮಕ್ಕಳಿಗೆ ವಾಂತಿ ಆಗುವಾಗ ಡಾಕ್ಟರ್ ಕೊಡುವ ಒಂಡಾನ್‌ಸೆಟ್ರಾನ್ ಮಾತ್ರೆ ಉಂಟಲ್ಲ, ಅದು ಮಾಡುದು ಸಹ ಇದನ್ನೇ, ಸೆರೋಟೋನಿನ್‌ನ ಒಂದು ಬಗೆಯ ರಿಸೆಪ್ಟರನ್ನು ಮುಚ್ಚುದು. ಹಾಗಾಗಿ ಸೆರೋಟೋನಿನ್‌ಗೆ ಹೊಟ್ಟೆಯ ಕೆಲಸ ತುಂಬ ಹಳೇದು. ಟ್ರಿಪ್ಟೋಫ್ಯಾನ್ ಹೇಳುವ ಅಮೈನೋ ಆಸಿಡ್‌ನಿಂದ ಎರಡೇ ಹೆಜ್ಜೆಯಲ್ಲಿ ತಯಾರಾಗುವ ಚಿಕ್ಕ ಅಣು ಅದು, ಹುಳದಿಂದ ಹಿಡಿದು ನಮ್ಮವರೆಗೆ ಎಲ್ಲರೂ ಅದನ್ನು ಒಂದು ಸುದ್ದಿ ಮುಟ್ಟಿಸ್ಲಿಕ್ಕೆ ಇಟ್ಟುಕೊಂಡಿದ್ದಾರೆ. ಸುದ್ದಿ ಎಂತದ್ದು ಅಂತ ನಿರ್ಧಾರ ಆಗುದು ಕೇಳುವ ಕಿವಿಯಲ್ಲಿ, ಆ ಕಿವಿಯೇ ರಿಸೆಪ್ಟರ್.

ಈಗ ತೋಟಕ್ಕೆ ಹೋಗುವ. ಮಳೆ ಬಿಟ್ಟ ಮಾರನೇ ವಾರ ಬಿದ್ದ ಅಡಿಕೆ ಹಾಳೆಯನ್ನು ಮೆಲ್ಲ ಬಗ್ಗಿಸಿ ನೋಡಿ, ಅದರ ತೊಟ್ಟಿಲಲ್ಲಿ ಒಂದು ಲೋಟ ನೀರು, ಅದರಲ್ಲಿ ಹತ್ತಿಪ್ಪತ್ತು ಮರಿ ತಲೆ ಕೆಳಗೆ ಮಾಡಿ ನೇತಾಡ್ತಾ ಇರ್ತವೆ. ಆಶಾ ವರ್ಕರ್‌ಗಳು ಮನೆಗೆ ಬಂದಾಗ ಕೂತ್ತಾಡಿ ಉಂಟಾ ಅಂತ ಮಲಯಾಳದಲ್ಲಿ ಕೇಳ್ತಾರಲ್ಲ, ಅದೇ ಇದು, ಕೂತ್ತು ಹೇಳಿದ್ರೆ ಕುಣಿತ, ಕುಣಿಯುವ ಹಾಗೆ ಮೈ ಬಳುಕಿಸುವ ಹುಳ. ನಮ್ಮ ಅಡಿಕೆ, ರಬ್ಬರ್ ತೋಟಗಳಲ್ಲಿ ಜಾಸ್ತಿ ಸಿಗುದು ಬಿಳಿ ಪಟ್ಟೆಯ ಈಡಿಸ್ ಆಲ್ಬೊಪಿಕ್ಟಸ್. ಆದ್ರೆ ಕರುಳಿನ ಬಗ್ಗೆ ಲ್ಯಾಬಿನಲ್ಲಿ ಕೆಲಸ ಆದದ್ದು ಹೆಚ್ಚಾಗಿ ಅದರ ಸೋದರಿ ಈಡಿಸ್ ಈಜಿಪ್ಟಿಯಲ್ಲಿ, ನಾನು ಕೆಳಗೆ ಹೇಳುದು ಹೆಚ್ಚಿನದ್ದು ಅದರದ್ದು ಅಂತ ನೆನಪಿಟ್ಟುಕೊಳ್ಳಿ.

ಈ ಮರಿಗೆ ತಿನ್ನುದು ಬಿಟ್ಟು ಬೇರೆ ಕೆಲಸ ಇಲ್ಲ. ಬಾಯಿಯ ಬದಿಯಲ್ಲಿ ಎರಡು ಬ್ರಶ್ಶು, ಅದನ್ನು ಬೀಸಿ ಬೀಸಿ ನೀರಿನ ಬ್ಯಾಕ್ಟೀರಿಯಾ, ಪಾಚಿ, ಕೊಳೆತ ಎಲೆಯ ಚೂರು ಎಲ್ಲ ಒಳಗೆ ಎಳೀತದೆ. ನಮ್ಮ ಸೆಕೆಗೆ ಮೊಟ್ಟೆಯಿಂದ ಹಾರುವ ನುಸಿ ಆಗ್ಲಿಕ್ಕೆ ವಾರ ಹತ್ತು ದಿನ ಸಾಕು, ಅಷ್ಟರೊಳಗೆ ನಾಲ್ಕು ಹಂತ ಬೆಳೀಬೇಕು, ಮುಂದಿನ ಜೀವನಕ್ಕೆ ಬೇಕಾದ ಬಂಡವಾಳ ಒಟ್ಟು ಮಾಡ್ಬೇಕು. ಒಳಗಿನ ನಾಳ ಸಾಧಾರಣ ನೇರವಾಗಿ ಬಾಯಿಯಿಂದ ಬಾಲದವರೆಗೆ ಹೋಗ್ತದೆ. ಗಂಟಲು ದಾಟಿದ ಕೂಡ್ಲೆ ಸುತ್ತಲೂ ಎಂಟು ಚಿಕ್ಕ ಚೀಲ, ಆಮೇಲೆ ಜಠರದ ಮುಂದಿನ ಭಾಗ, ಆಮೇಲೆ ಹಿಂದಿನ ಭಾಗ, ಅದು ಮುಗಿಯುವಲ್ಲಿ ಐದು ಸಪೂರ ಮಾಲ್ಪಿಜಿಯನ್ ನಾಳ, ಅವು ನಮ್ಮ ಕಿಡ್ನಿಯ ಕೆಲಸ ಮಾಡುದು, ಕೊನೆಗೆ ಹಿಂಗರುಳು. ಮರಿಯ ಮೈ ಪಾರದರ್ಶಕ ಆದ ಕಾರಣ ಸಾದಾ ಶಾಲೆಯ ಮೈಕ್ರೋಸ್ಕೋಪಿನಲ್ಲೇ ಜೀವ ಇರುವಾಗಲೇ ಇದೆಲ್ಲ ಕಾಣ್ತದೆ, ಊಟ ಮುಂದೆ ಹೋಗುದು, ಗೋಡೆ ಬಿಗಿದು ಸಡಿಲ ಆಗುದು ಎಲ್ಲ.

ಆಶ್ಚರ್ಯ ಇರುದು ಜಠರದ ಮುಂದಿನ ಭಾಗದಲ್ಲಿ. ನಮ್ಮ ಹೊಟ್ಟೆ ಹುಳಿ, ಆಸಿಡ್. ಈ ಮರಿಯ ಹೊಟ್ಟೆ ತದ್ವಿರುದ್ಧ, ಸುಣ್ಣದ ಹಾಗೆ ಕ್ಷಾರ. ಹುಳಿ, ಕ್ಷಾರ ಅಳೆಯುವ ಅಂಕೆ ಪಿಎಚ್, ಅದು ಹತ್ತು ದಾಟಿ ಹನ್ನೊಂದರ ಹತ್ತಿರ ಹೋಗ್ತದೆ. ಎಲೆಗೆ ಹಚ್ಚುವ ಸುಣ್ಣದ ತಿಳಿನೀರು ಹನ್ನೆರಡರ ಆಚೆ ಈಚೆ, ಅಂದ್ರೆ ಅಂದಾಜು ಮಾಡಿ, ಒಂದು ಜೀವ ಇರುವ ಪ್ರಾಣಿಯ ಒಳಗೆ ಸುಣ್ಣದ ನೀರಿಗೆ ಒಂದೆರಡು ಮೆಟ್ಟಿಲು ಮಾತ್ರ ಕಮ್ಮಿ! ಅದರ ಸುತ್ತ ಇರುವ ರಕ್ತ ಮಾತ್ರ ನಮ್ಮದರ ಹಾಗೆ ಏಳೂವರೆಯ ಹತ್ತಿರ. ಮಧ್ಯದಲ್ಲಿ ಇರುದು ಒಂದೇ ಒಂದು ಪದರ ಕೋಶ. ಪಿಎಚ್ ಒಂದು ಅಂಕೆ ಏರಿದ್ರೆ ಹತ್ತು ಪಟ್ಟು, ಮೂರು ಅಂಕೆ ಅಂದ್ರೆ ಸಾವಿರ ಪಟ್ಟು ವ್ಯತ್ಯಾಸವನ್ನು ಆ ಒಂದು ಪದರ ಕೋಶ ಹಗಲು ರಾತ್ರಿ ಹಿಡಿದು ನಿಲ್ಲಿಸ್ತದೆ.

ನಾನು ಕಾಲೇಜಿನಲ್ಲಿ ಪಾಠ ಮಾಡ್ತಿದ್ದಾಗ ಪ್ರತಿ ಮಳೆಗಾಲ ಮಕ್ಕಳಿಗೆ ಇದನ್ನು ತೋರಿಸ್ತಿದ್ದೆ, ನೀವು ಸಹ ತೋರಿಸ್ಬಹುದು. ಥೈಮಾಲ್ ಬ್ಲೂ ಹೇಳುವ ಇಂಡಿಕೇಟರ್ ಕೆಮಿಸ್ಟ್ರಿ ಲ್ಯಾಬಿನಲ್ಲಿ ಸಿಗ್ತದೆ, ಅದು ಎಂಟರ ಕೆಳಗೆ ಹಳದಿ, ಒಂಬತ್ತೂವರೆ ದಾಟಿದ್ರೆ ನೀಲಿ. ನೀರಿಗೆ ಸ್ವಲ್ಪ ಕಲಸಿ ಮರಿಗಳನ್ನು ಅದರಲ್ಲಿ ಬಿಟ್ಟು ಕುಡೀಲಿಕ್ಕೆ ಬಿಡಿ, ಆಮೇಲೆ ಲೆನ್ಸಿನಲ್ಲಿ ನೋಡಿ, ಎದೆಯ ಹಿಂದೆ ಚಂದದ ನೀಲಿ, ಹಿಂದಕ್ಕೆ ಹೋದ ಹಾಗೆ ಹಳದಿ. ಒಂದೇ ಹೊಟ್ಟೆಯಲ್ಲಿ ಎರಡು ಬಣ್ಣ. ಅರಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುದು ನೋಡಿ ಬೆಳೆದ ನಮ್ಮ ಮಕ್ಕಳಿಗೆ ಇದು ಕೂಡ್ಲೆ ಅರ್ಥ ಆಗ್ತದೆ, ಬೋರ್ಡೋ ಮಾಡುವಾಗ ಮೈಲುತುತ್ತಿಗೆ ಸುಣ್ಣ ಸಾಕಾ ಅಂತ ಲಿಟ್ಮಸ್ ಕಾಗದ ಅದ್ದಿ ನೋಡಿದ ಮನೆಯವರಿಗಂತೂ ಹೇಳುದೇ ಬೇಡ.

ಇಷ್ಟು ಸುಣ್ಣ, ಅಂದ್ರೆ ಇಷ್ಟು ಕ್ಷಾರ, ಯಾಕೆ ಬೇಕು ಅದಕ್ಕೆ? ಎಲೆಯ ಊಟದಲ್ಲಿ ಚೊಗರು ಇರ್ತದೆ, ಟ್ಯಾನಿನ್. ಅಡಿಕೆ ಬೇಯಿಸಿದ ಚೊಗರು ಕೈಗೆ ಹತ್ತಿದ್ರೆ ಚರ್ಮ ಬಿಗಿ ಆಗುದು ಗೊತ್ತುಂಟಲ್ಲ, ಪ್ರೋಟೀನನ್ನು ಹಿಡಿದು ಗಂಟು ಹಾಕುದು ಅದರ ಗುಣ. ಹೊಟ್ಟೆಯಲ್ಲಿ ಹಾಗೆ ಆದ್ರೆ ಊಟದ ಪ್ರೋಟೀನ್ ಸಹ ಸಿಗುದಿಲ್ಲ, ಜೀರ್ಣ ಮಾಡುವ ಎನ್ಜೈಮ್ ಸಹ ಗಂಟು ಬೀಳ್ತದೆ. ಜಾಸ್ತಿ ಕ್ಷಾರದಲ್ಲಿ ಆ ಹಿಡಿತ ಬಿಟ್ಟು ಹೋಗ್ತದೆ. ಎಲೆ ತಿನ್ನುವ ಪತಂಗದ ಹುಳಗಳ ಹೊಟ್ಟೆ ಸಹ ಹೀಗೆ ಕ್ಷಾರ ಇರುದಕ್ಕೆ ಇದೇ ಕಾರಣ ಕೊಡ್ತಾರೆ. ನುಸಿ ಮರಿಯ ಎನ್ಜೈಮ್‌ಗಳು ಸಹ ಕ್ಷಾರದಲ್ಲಿ ಕೆಲಸ ಮಾಡ್ಲಿಕ್ಕೆ ಒಗ್ಗಿದಂಥವು.

ಆದ್ರೆ ಸುಣ್ಣ ಸುಮ್ಮನೆ ಬರುದಿಲ್ಲ. ಕೋಶದ ರಕ್ತದ ಬದಿಯ ಪೊರೆಯಲ್ಲಿ ಪ್ರೋಟಾನ್ ಪಂಪು ಕೂತುಕೊಂಡು ಆಸಿಡ್ ಅಂಶವನ್ನು ರಕ್ತದ ಕಡೆಗೆ ತಳ್ತದೆ, ಹೊಟ್ಟೆಯ ಬದಿಯಲ್ಲಿ ಕ್ಷಾರ ಉಳೀತದೆ, ಈ ಪಂಪಿಗೆ ಕೋಶದ ಇಂಧನ ಆದ ಎಟಿಪಿ ಸುರೀತಾ ಇರ್ಬೇಕು. ಮಜಾ ಎಂತ ಹೇಳಿದ್ರೆ ಜಠರದ ಹಿಂದಿನ ಭಾಗದಲ್ಲಿ ಇದೇ ಪಂಪು ಗೋಡೆಯ ಇನ್ನೊಂದು ಬದಿಯಲ್ಲಿ, ಹೊಟ್ಟೆಯ ಕಡೆಗೆ ಮುಖ ಮಾಡಿ ಕೂತಿದೆ, ಹಾಗಾಗಿ ಅಲ್ಲಿ ಸುಣ್ಣ ಇಳಿದು ಪಿಎಚ್ ಪುನಃ ಸಾಧಾರಣಕ್ಕೆ ಬರ್ತದೆ. ಒಂದೇ ಮಿಶಿನ್, ಇಟ್ಟ ಗೋಡೆ ಬೇರೆ. ಪಂಪು ಒಂದರಿಂದ ಎಲ್ಲ ಆಗ್ತದಾ, ಬೈಕಾರ್ಬೊನೇಟ್ ಮಾಡುವ ಎನ್ಜೈಮಿನ ಪಾಲು ಎಷ್ಟು ಅಂತ ಸಂಶೋಧಕರಲ್ಲಿ ಚರ್ಚೆ ಉಂಟು, ಅದಕ್ಕೆ ನಾನು ಈಗ ಹೋಗುದಿಲ್ಲ.

ಈಗ ಬಂತು ಸೆರೋಟೋನಿನ್. ಈ ಹೊಟ್ಟೆಯನ್ನು ಕೊಯ್ದು ಹೊರಗೆ ತೆಗೆದ್ರೆ ಸ್ವಲ್ಪ ಹೊತ್ತಲ್ಲೇ ಕ್ಷಾರ ಕರಗಿ ಹೋಗ್ತಿತ್ತು, ಗೋಡೆಯ ಎರಡು ಬದಿಯ ನಡುವೆ ಇರುವ ವಿದ್ಯುತ್ ವೋಲ್ಟೇಜ್ ಸಹ ಬಿದ್ದು ಹೋಗ್ತಿತ್ತು. ಊಟ ಉಂಟು, ಕೋಶ ಜೀವ ಇದೆ, ಆದ್ರೂ ಪಂಪು ಓಡುದಿಲ್ಲ. ಹೊರಗೆ ತೆಗೆಯುವಾಗ ಎಂತದೋ ಒಂದು ತಪ್ಪಿ ಹೋಗ್ತಾ ಇತ್ತು. 1999ರಲ್ಲಿ ಥಾಮಸ್ ಕ್ಲಾರ್ಕ್, ಡೇವಿಡ್ ಮೊಫೆಟ್ ಮತ್ತೆ ಜೊತೆಯವರು ಆ ತೆಗೆದ ಜಠರಕ್ಕೆ ರಕ್ತದ ಬದಿಯಿಂದ ತೀರ ಚಿಕ್ಕ ಪ್ರಮಾಣದ, ಒಂದು ಮೈಕ್ರೊಮೋಲಾರಿಗಿಂತಲೂ ಕಮ್ಮಿ, ಸೆರೋಟೋನಿನ್ ಕೊಟ್ಟು ನೋಡಿದರು. ವೋಲ್ಟೇಜ್ ವಾಪಾಸ್ ಬಂತು. 2008ರಲ್ಲಿ ಹೋರ್ಸ್ಟ್ ಓಂಕನ್ ಮತ್ತು ಮೊಫೆಟ್ ದಂಪತಿ ಒಂದು ಹೆಜ್ಜೆ ಮುಂದೆ ಹೋಗಿ ತೆಗೆದ ಜಠರದ ಒಳಗೆ ಬಣ್ಣ ಬದಲಾಗುವ ಇಂಡಿಕೇಟರ್ ನೀರು ಹರಿಸಿ ಹೊರಗಿನಿಂದ ಸೆರೋಟೋನಿನ್ ಕೊಟ್ಟರು, ಕೆಲವೇ ನಿಮಿಷದಲ್ಲಿ ಒಳಗಿನ ನೀರಿನ ಬಣ್ಣ ಕ್ಷಾರದ ಬಣ್ಣಕ್ಕೆ ತಿರುಗಿತು. ಮೈಯಿಂದ ಬೇರೆ ಮಾಡಿದ ಒಂದು ಚೂರು ಕರುಳು ಒಂದು ಹನಿ ಸುದ್ದಿಗೆ ಪುನಃ ಸುಣ್ಣ ಮಾಡ್ಲಿಕ್ಕೆ ಸುರು ಮಾಡಿತು. ಇಷ್ಟು ಚಂದದ ಪ್ರಯೋಗ ನನ್ನ ವಿಷಯದಲ್ಲಿ ನಾನು ಕೆಲವೇ ಕಂಡದ್ದು, ಪಾಠ ಮಾಡುವಾಗ ಪ್ರತಿ ಸಲ ಮೈ ಜುಂ ಆಗ್ತಿತ್ತು.

ಮರಿಯ ಮೈಯಲ್ಲಿ ಈ ಸುದ್ದಿ ತರುವವರು ಯಾರು? ನರಗಳು. ಹೊಟ್ಟೆಯ ಕೆಳಗೆ ಓಡುವ ನರದ ಗಂಟುಗಳಿಂದ ಸಪೂರ ಎಳೆಗಳು ಬಂದು ಜಠರದ ಹೊರ ಮೈಯಲ್ಲಿ ಬಲೆ ಹಾಗೆ ಹರಡಿಕೊಂಡಿದ್ದಾವೆ, ಆ ಎಳೆಗಳಲ್ಲಿ ಸೆರೋಟೋನಿನ್ ತುಂಬಿರ್ತದೆ. ಕೊಯ್ಯುವಾಗ ತಪ್ಪಿ ಹೋದದ್ದು ಇದೇ, ಅಂದ್ರೆ ಸ್ವಿಚ್ಚಿನ ವಯರು ಕಡಿದು ಹೋಗಿತ್ತು.

ಇನ್ನು ರಿಸೆಪ್ಟರ್. ನಿಮ್ಮ ಶಾಲೆಯ ಮಧ್ಯಾಹ್ನದ ಗಂಟೆಯನ್ನೇ ತಗೊಳ್ಳಿ. ಗಂಟೆ ಒಂದೇ, ಸದ್ದು ಒಂದೇ. ಕ್ಲಾಸಿನಲ್ಲಿ ಇರುವ ಮಗು ಬಟ್ಟಲು ಹಿಡಿದು ಓಡ್ತದೆ, ಅಡಿಗೆ ಕೋಣೆಯವರು ಅನ್ನದ ಪಾತ್ರೆ ಮುಚ್ಚಳ ತೆಗೀತಾರೆ, ನೀವು ಚಾಕ್ ಕೆಳಗೆ ಇಡ್ತೀರಿ. ಯಾರು ಎಂತ ಮಾಡ್ಬೇಕು ಅಂತ ಗಂಟೆಯಲ್ಲಿ ಬರೆದಿಲ್ಲ, ಕೇಳಿದವರ ಕೆಲಸದಲ್ಲಿ ಉಂಟು. ಸೆರೋಟೋನಿನ್ ಸಹ ಹಾಗೆ. ಕೋಶದ ಪೊರೆಯಲ್ಲಿ ಯಾವ ಬಗೆಯ ರಿಸೆಪ್ಟರ್ ಕೂತಿದೆ ಅನ್ನುದರ ಮೇಲೆ ಒಳಗೆ ನಡೆಯುದು ಬೇರೆ ಆಗ್ತದೆ. ಕೀಟಗಳಲ್ಲಿ ಮುಖ್ಯ ಮೂರು ಮನೆತನ, ಹೆಸರಿನಲ್ಲಿ ಬರುವ 5-ಎಚ್‌ಟಿ ಹೇಳಿದ್ರೆ ಸೆರೋಟೋನಿನ್‌ನದ್ದೇ ಗಿಡ್ಡ ಹೆಸರು. 5-ಎಚ್‌ಟಿ 1 ಮನೆಯವು ಕೋಶದೊಳಗಿನ ಸೈಕ್ಲಿಕ್ ಎಎಂಪಿ ಹೇಳುವ ಸಂದೇಶ ಕಮ್ಮಿ ಮಾಡ್ತವೆ. 5-ಎಚ್‌ಟಿ 7 ಮನೆಯದ್ದು ಅದನ್ನೇ ಜಾಸ್ತಿ ಮಾಡ್ತದೆ. 5-ಎಚ್‌ಟಿ 2 ಮನೆಯವು ಬೇರೆ ದಾರಿ ಹಿಡಿದು ಕ್ಯಾಲ್ಸಿಯಂ ಏರಿಸ್ತವೆ. ಹೇಳಿದ್ರೆ ಒಂದೇ ಹನಿ ಸೆರೋಟೋನಿನ್ ಒಂದು ಕೋಶಕ್ಕೆ ಜೋರು ಮಾಡು ಅಂತಲೂ ಪಕ್ಕದ ಕೋಶಕ್ಕೆ ಮೆಲ್ಲ ಮಾಡು ಅಂತಲೂ ಹೇಳ್ಬಹುದು. ಮೇಲೆ ಹೇಳಿದ ಒಂಡಾನ್‌ಸೆಟ್ರಾನ್ ಮುಚ್ಚುದು 5-ಎಚ್‌ಟಿ 3 ಹೇಳುವ ಬೇರೆಯೇ ಮನೆತನವನ್ನು, ಅದು ಕೀಟಗಳಲ್ಲಿ ಇಲ್ಲ. ನಾವು ಮತ್ತೆ ನುಸಿ ಒಂದೇ ಅಣುವನ್ನು ಕೇಳಿಸಿಕೊಂಡರೂ ಎಲ್ಲ ಕಿವಿಗಳು ಒಂದೇ ಅಲ್ಲ, ಇದನ್ನು ನೆನಪಿಡಿ, ಮುಂದೆ ಬೇಕಾಗ್ತದೆ.

ನುಸಿಯಲ್ಲಿ ಈ ಕಿವಿಗಳನ್ನು ಹುಡುಕುವ ಕೆಲಸ ನಿಧಾನಕ್ಕೆ ನಡೀತಾ ಬಂದಿದೆ. 2001ರಲ್ಲಿ ಪ್ಯಾಟ್ರಿಷಿಯಾ ಪಿಯೆಟ್ರಾಂಟೋನಿಯೊ ಮತ್ತು ಜೊತೆಯವರು ಈಡಿಸ್ ಈಜಿಪ್ಟಿಯಲ್ಲಿ 5-ಎಚ್‌ಟಿ 7 ಬಗೆಯದ್ದನ್ನು ಗುರುತಿಸಿದರು, ಅದು ಸಿಕ್ಕಿದ್ದು ಮಾಲ್ಪಿಜಿಯನ್ ನಾಳಕ್ಕೆ ಗಾಳಿ ತರುವ ಸಪೂರ ಶ್ವಾಸನಾಳದ ಕೋಶಗಳಲ್ಲಿ. 2016ರಲ್ಲಿ ಪೆಟ್ರೋವಾ ಮತ್ತು ಮೊಫೆಟ್ ಲಾರ್ವಾದ ಜೀರ್ಣನಾಳದ ಉದ್ದಕ್ಕೂ ಒಂದು ರಿಸೆಪ್ಟರನ್ನು ಆಂಟಿಬಾಡಿ ಬಣ್ಣದಿಂದ ಹುಡುಕಿದರು, ಅದು ಒಂದೇ ಜಾಗದಲ್ಲಿ ಅಲ್ಲ, ಬೇರೆ ಬೇರೆ ಕೆಲಸ ಮಾಡುವ ಬೇರೆ ಬೇರೆ ಭಾಗಗಳಲ್ಲಿ ಕಂಡಿತು, ಹಾಗಾಗಿ ಜೀರ್ಣಕ್ಕೂ ಮೈಯ ಉಪ್ಪು ನೀರಿನ ಹದಕ್ಕೂ ಅದರ ಕೈ ಇರ್ಬೇಕು ಅಂತ ಅವರು ಬರೆದರು. 2018ರಲ್ಲಿ ಲಿಂಗ್ ಮತ್ತು ರೈಖೆಲ್ ಕ್ರಿಸ್ಪರ್ ಕತ್ತರಿಯಿಂದ 5-ಎಚ್‌ಟಿ 2 ಮನೆತನದ ಒಂದು ರಿಸೆಪ್ಟರಿನ ಜೀನನ್ನೇ ಹಾಳು ಮಾಡಿ ನೋಡಿದಾಗ ನುಸಿಗಳು ಬೆಳೀಲಿಕ್ಕೆ ತಡ ಮಾಡಿದವು, ಮೈ ಸಣ್ಣ ಆಯ್ತು. ಆ ಕೆಲಸ ಕೊಬ್ಬಿನ ಅಂಗ ಮತ್ತು ಇನ್ಸುಲಿನ್ ಹಾಗಿನ ಹಾರ್ಮೋನಿನ ಬಗ್ಗೆ, ಕರುಳಿನ ಬಗ್ಗೆ ಅಲ್ಲ, ಆದ್ರೂ ನಾನು ಇಲ್ಲಿ ತಂದದ್ದು ಯಾಕೆಂದ್ರೆ ಊಟ, ಬೆಳವಣಿಗೆ, ಸೆರೋಟೋನಿನ್ ಮೂರೂ ಒಂದೇ ಹಗ್ಗದ ಎಳೆಗಳು ಅಂತ ಅದು ತೋರಿಸ್ತದೆ.

ನೀರಿನ ಲೆಕ್ಕ ಸಹ ಸಣ್ಣದಲ್ಲ. ಮಳೆ ನೀರಿನಲ್ಲಿ ಉಪ್ಪು ಏನೂ ಇಲ್ಲ, ಮರಿಯ ಮೈಯಲ್ಲಿ ಉಂಟು, ಹಾಗಾಗಿ ಹೊರಗಿನ ನೀರು ಮೈಯೊಳಗೆ ನುಗ್ತಾನೇ ಇರ್ತದೆ, ಮೇಲಿಂದ ಅದು ಊಟದ ಜೊತೆ ಕುಡಿಯುದು ಬೇರೆ. ಹೊರಗೆ ಹಾಕದಿದ್ರೆ ಊದಿ ಸಾಯ್ತದೆ. ಆ ಐದು ಮಾಲ್ಪಿಜಿಯನ್ ನಾಳಗಳಿಗೆ ಮೂತ್ರ ಜಾಸ್ತಿ ಮಾಡು ಅಂತ ಹೇಳುವ ಸುದ್ದಿಗಳಲ್ಲಿ ಲಾರ್ವಾದಲ್ಲಿ ಸೆರೋಟೋನಿನ್ ಸಹ ಒಂದು. ಜಠರದ ಸ್ನಾಯು ಬಿಗಿಯುದು ಸಡಿಲ ಆಗುದರ ಮೇಲೆ ಸಹ ಅದರ ಪ್ರಭಾವ ಉಂಟು. ಈಗ ಒಟ್ಟು ಸೇರಿಸಿ ನೋಡಿ, ಊಟ ಬರುವ ಹೊತ್ತಿಗೆ ಸುಣ್ಣ ತಯಾರು ಮಾಡುದು, ಊಟ ಕಲಸಿ ಮುಂದೆ ತಳ್ಳುದು, ಜೊತೆಗೆ ಬಂದ ನೀರು ಹೊರಗೆ ಹಾಕುದು, ಮೂರು ಬೇರೆ ಅಂಗ, ಮೂರು ಬೇರೆ ಕೆಲಸ, ಆದ್ರೆ ಸಂದರ್ಭ ಒಂದೇ, ಊಟದ ಸಂದರ್ಭ. ನನಗೆ ಕಾಣುದು ಹಾಗೆ, ಸೆರೋಟೋನಿನ್ ಈ ಮರಿಗೆ ಊಟದ ಗಂಟೆ. ದೊಡ್ಡದಾದ ಹೆಣ್ಣು ನುಸಿಯ ಜೊಲ್ಲಿನ ಗ್ರಂಥಿಗೆ ಸಹ ಸೆರೋಟೋನಿನ್ ನರ ಉಂಟು, ನಮ್ಮ ರಕ್ತ ಹೀರುವಾಗ ಜೊಲ್ಲು ಬಿಡ್ಲಿಕ್ಕೆ. ಅಲ್ಲಿ ಸಹ ಊಟವೇ.

ಈಗ ನಿಮ್ಮ ಎರಡನೇ ಪ್ರಶ್ನೆ, ಈ ಗಂಟೆಯನ್ನು ಬಂದ್ ಮಾಡುವ ಮದ್ದು ಹಾಕಿದ್ರೆ ಆಗ್ಲಿಕ್ಕಿಲ್ವಾ ಅಂತ. ಲ್ಯಾಬಿನಲ್ಲಿ ಸೆರೋಟೋನಿನ್ ರಿಸೆಪ್ಟರ್ ಮುಚ್ಚುವ ವಸ್ತುಗಳನ್ನು ಕೀಟದ ಅಂಗಗಳ ಮೇಲೆ ಪ್ರಯೋಗ ಮಾಡ್ತಾರೆ, ಅದು ತಿಳ್ಕೊಳ್ಳಲಿಕ್ಕೆ. ತೋಟಕ್ಕೆ ಹಾಕ್ಲಿಕ್ಕೆ ಅಂಥ ಮದ್ದು ಇಲ್ಲ. ಮತ್ತೆ ದಯಮಾಡಿ ಮನೆಯಲ್ಲಿ ಉಳಿದ ಖಿನ್ನತೆಯ ಮಾತ್ರೆ ಗುದ್ದಿ ಡ್ರಮ್ಮಿಗೆ ಹಾಕುವ ಯೋಚನೆ ಯಾರೂ ಮಾಡ್ಬೇಡಿ, ಹೆಚ್ಚಿನ ಆ ಮಾತ್ರೆಗಳು ರಿಸೆಪ್ಟರ್ ಮುಚ್ಚುದೇ ಅಲ್ಲ, ನರ ಬಿಟ್ಟ ಸೆರೋಟೋನಿನನ್ನು ವಾಪಾಸ್ ಎಳೆಯುವ ಬಾಗಿಲನ್ನು ಮುಚ್ಚುದು, ಮತ್ತೆ ಆ ನೀರು ಹೋಗಿ ಸೇರುದು ತೋಡಿಗೆ, ಕೆರೆಗೆ.

ನಾನು ಇಷ್ಟು ಗಟ್ಟಿಯಾಗಿ ಹೇಳುದಕ್ಕೆ ಕಾರಣ ನಮ್ಮ ಊರು, ಕಾಸರಗೋಡು. ನೀವು ಸಹ ಇಲ್ಲಿಯವರು, ಬಿಡಿಸಿ ಹೇಳುದು ಬೇಡ, ಆದ್ರೂ ಹೇಳ್ತೇನೆ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ, ಯಾವುದಕ್ಕೆ, ಟೀ ಮಸ್ಕಿಟೊ ಹೇಳುವ ಒಂದು ರಸ ಹೀರುವ ತಿಗಣೆ ಜಾತಿಯ ಕೀಟಕ್ಕೆ, ಹೆಸರಲ್ಲಿ ಮಾತ್ರ ನುಸಿ. ಎಂಡೋಸಲ್ಫಾನ್ ಕೆಲಸ ಮಾಡುದು ಸಹ ಒಂದು ರಿಸೆಪ್ಟರಿನ ಮೇಲೆಯೇ, ನರವನ್ನು ಶಾಂತ ಮಾಡುವ ಗಾಬಾ ಹೇಳುವ ಸುದ್ದಿಯ ರಿಸೆಪ್ಟರ್. ಅದನ್ನು ಮುಚ್ಚಿದ್ರೆ ಕೀಟ ನಡುಗಿ ಸಾಯ್ತದೆ. ಆ ರಿಸೆಪ್ಟರ್ ಕೀಟದಲ್ಲಿ ಮಾತ್ರ ಇರುದಾ? ಇಲ್ಲ, ನಮ್ಮ ಮೆದುಳಲ್ಲಿ ಉಂಟು, ದನದಲ್ಲಿ ಉಂಟು, ಮೀನಲ್ಲಿ ಉಂಟು. ಸುಪ್ರೀಂ ಕೋರ್ಟು ದೇಶದಲ್ಲಿ ನಿಲ್ಲಿಸುವಾಗ 2011 ಆಯ್ತು. ಎಂಡೋಸಲ್ಫಾನ್ ಸಂತ್ರಸ್ತರು ಇರುವ ಎಣ್ಮಕಜೆ ಪಂಚಾಯತಿನ ಮನೆಗಳಿಗೆ ಹೋಗಿ ಬಂದವರಿಗೆ ರಿಸೆಪ್ಟರ್ ಹೇಳುದು ಪುಸ್ತಕದ ಶಬ್ದ ಆಗಿ ಉಳಿಯುದಿಲ್ಲ. ಹಾಗಾಗಿ ಹೊಸ ಟಾರ್ಗೆಟ್ ಸಿಕ್ಕಿತು ಅಂತ ಯಾರಾದ್ರೂ ಹೇಳಿದ್ರೆ ನಾನು ಮೊದಲು ಕೇಳುದು ಇದೇ, ಇದು ನಮ್ಮಲ್ಲಿಯೂ ಉಂಟಾ, ಜೇನುನೊಣದಲ್ಲಿ ಉಂಟಾ, ತೋಡಿನ ಏಡಿಯಲ್ಲಿ ಉಂಟಾ? ಸೆರೋಟೋನಿನ್ ರಿಸೆಪ್ಟರಿಗೆ ಮೂರಕ್ಕೂ ಉತ್ತರ ಉಂಟು ಅಂತಲೇ. 5-ಎಚ್‌ಟಿ 2, 5-ಎಚ್‌ಟಿ 7 ಎರಡೂ ಮನೆತನ ನಮ್ಮ ಮೈಯಲ್ಲಿ ಇದ್ದಾವೆ. ಆದ್ರೆ ಅಕ್ಷರಕ್ಕೆ ಅಕ್ಷರ ಒಂದೇ ಅಲ್ಲ, ನುಸಿಯದ್ದರ ಆಕಾರ ಸ್ವಲ್ಪ ಬೇರೆ, ಆ ಸ್ವಲ್ಪ ವ್ಯತ್ಯಾಸಕ್ಕೆ ಮಾತ್ರ ಕೂತುಕೊಳ್ಳುವ ಅಣು ಸಿಕ್ಕಿದ್ರೆ ಆಗ ಅದು ಮದ್ದು. ಇಂಥ ಮೂಲ ಸಂಶೋಧನೆಯ ಬೆಲೆ ಇರುದು ಅಲ್ಲಿ, ಆ ವ್ಯತ್ಯಾಸ ಎಲ್ಲಿ ಉಂಟು ಅಂತ ಕಣ್ಣು ಕೊಡುದರಲ್ಲಿ.

ಅಷ್ಟರವರೆಗೆ ಕೈ ಕಟ್ಟಿ ಕೂತುಕೊಳ್ಬೇಕಾ ಕೇಳಿದ್ರೆ ಬೇಡ, ಯಾಕೆಂದ್ರೆ ನೀವು ಡ್ರಮ್ಮಿಗೆ ಹಾಕಿದ ಬಿಟಿಐ ಇದೇ ಸುಣ್ಣದ ಹೊಟ್ಟೆಯನ್ನು ಉಪಯೋಗ ಮಾಡಿಕೊಳ್ಳುವಂಥದ್ದು. ಬೆಸಿಲಸ್ ತುರಿಂಜಿಯೆನ್ಸಿಸ್ ಇಸ್ರಾಯೆಲೆನ್ಸಿಸ್, 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಒಂದು ಕೊಳದಲ್ಲಿ ಸಿಕ್ಕಿದ ಬ್ಯಾಕ್ಟೀರಿಯಾ. ಅದು ಒಂದು ಪ್ರೋಟೀನಿನ ಹರಳು ಮಾಡಿ ಇಡ್ತದೆ. ಹರಳು ಹಾಗೆಯೇ ಇದ್ದಷ್ಟು ಹೊತ್ತು ಅದು ವಿಷ ಅಲ್ಲ. ಮರಿ ಅದನ್ನು ತಿಂದು, ಜಠರದ ಆ ಕ್ಷಾರದಲ್ಲಿ ಹರಳು ಕರಗಿ, ಅಲ್ಲಿಯ ಎನ್ಜೈಮ್ ಅದನ್ನು ತುಂಡು ಮಾಡಿ, ತುಂಡು ಹೋಗಿ ಜಠರದ ಕೋಶದ ಪೊರೆಗೆ ಅಂಟಿ ಅಲ್ಲಿ ತೂತು ಮಾಡ್ತದೆ, ಕೋಶ ಊದಿ ಒಡೀತದೆ, ಮರಿ ಸಾಯ್ತದೆ. ನಮ್ಮ ಹೊಟ್ಟೆ ಆಸಿಡ್, ಅಂಟಿಕೊಳ್ಳುವ ಆ ಜಾಗ ಸಹ ನಮ್ಮ ಕರುಳಲ್ಲಿ ಇಲ್ಲ, ದನ ಆ ನೀರು ಕುಡಿದ್ರೂ ಮೀನು ಅದರಲ್ಲಿ ಇದ್ದರೂ ತೊಂದರೆ ಇಲ್ಲದೆ ಇರುದು ಹೀಗೆ. ಬೀಗ ಒಂದಲ್ಲ, ಸಾಲಾಗಿ ಮೂರು ನಾಲ್ಕು, ಎಲ್ಲದರ ಕೀಲಿಕೈ ನುಸಿ ಮರಿಯ ಹೊಟ್ಟೆಯಲ್ಲಿ ಮಾತ್ರ ಒಟ್ಟಿಗೆ ಸಿಗ್ತದೆ. ಅದರ ಕೆಲವು ಸಂಬಂಧಿಕರಿಗೂ, ಕರಿನೊಣದ ಮರಿಗೂ ತಾಗ್ತದೆ, ಅಷ್ಟೇ.

ಇಲ್ಲಿ ಒಂದು ಮಾತು ನನ್ನ ಸ್ವಂತ ಯೋಚನೆ ಅಂತ ಹೇಳಿಯೇ ಬರೀತೇನೆ. ಸೆರೋಟೋನಿನ್ ನಿಲ್ಲಿಸಿದ್ರೆ ಜಠರದ ಕ್ಷಾರ ಇಳೀಬೇಕು, ಕ್ಷಾರ ಇಳಿದ್ರೆ ಬಿಟಿಐ ಹರಳು ಕರಗ್ಲಿಕ್ಕೆ ಕಷ್ಟ ಆಗ್ಬೇಕು. ಹಾಗಾಗಿ ಎರಡನ್ನೂ ಒಟ್ಟಿಗೆ ಹಾಕಿದ್ರೆ ಎರಡು ಪಟ್ಟು ಒಳ್ಳೇದು ಆಗುದಿಲ್ಲ, ಒಂದು ಇನ್ನೊಂದರ ಕಾಲು ಎಳೀಬಹುದು. ಸುಣ್ಣ ಮಾಡುವ ಮರಿ, ಚೆನ್ನಾಗಿ ತಿನ್ನುವ ಮರಿ, ಅಂದ್ರೆ ಊಟದ ಗಂಟೆ ಸರಿ ಹೊಡೀತಾ ಇರುವ ಮರಿಯೇ ಬಿಟಿಐಗೆ ಬೇಗ ಸಾಯುದು.

ಇದರಿಂದಲೇ ನಿಮ್ಮ ಕೊಕ್ಕೆಗಳ ಉತ್ತರ ಸಿಗ್ತದೆ. ಅವು ಮರಿಗಳಲ್ಲ, ಪ್ಯೂಪಾ. ನಾಲ್ಕನೇ ಹಂತ ಮುಗಿಸುವಾಗ ಮರಿ ಊಟ ಬಿಡ್ತದೆ, ಆಮೇಲೆ ತಲೆ ಎದೆ ಸೇರಿ ದಪ್ಪ ಆಗಿ ಬಾಲ ಮಡಚಿ ಆ ಆಕಾರ ಬರ್ತದೆ. ಪ್ಯೂಪಾ ಓಡಾಡ್ತದೆ, ಉಸಿರು ತಗೊಳ್ತದೆ, ಆದ್ರೆ ಒಂದು ಕಣ ಸಹ ತಿನ್ನುದಿಲ್ಲ. ಅದರ ಒಳಗೆ ಮರಿಯ ಹಳೇ ಕರುಳು ಕಳಚಿ ನುಸಿಯ ಹೊಸ ಕರುಳು ಕಟ್ತಾ ಇರ್ತದೆ. ತಿನ್ನದೆ ಹರಳು ಒಳಗೆ ಹೋಗುದಿಲ್ಲ, ಹಾಗಾಗಿ ಅದಕ್ಕೆ ಬಿಟಿಐ ಹಾಕಿದ್ದೂ ಒಂದೇ ಹಾಕದ್ದೂ ಒಂದೇ. ನೀವು ಪುಡಿ ಹಾಕುವ ಹೊತ್ತಿಗೆ ಅವು ಅಷ್ಟು ದೊಡ್ಡ ಆಗಿಬಿಟ್ಟಿದ್ದವು, ಪುಡಿಯ ತಪ್ಪಲ್ಲ. ಎರಡು ಮೂರು ದಿನದಲ್ಲಿ ಅವು ನುಸಿ ಆಗಿ ಹಾರಿ ಹೋಗ್ತವೆ.

ಹಾಗಾಗಿ ಡ್ರಮ್ಮಿನಲ್ಲಿ ಕೊಕ್ಕೆ ಕಂಡ್ರೆ ಪುಡಿ ಹುಡುಕುದು ಬಿಟ್ಟು ನೀರನ್ನೇ ಬಿಸಿಲು ಬೀಳುವ ಒಣ ಜಾಗಕ್ಕೆ ಚೆಲ್ಲಿ, ತೋಡಿಗೆ ಬೇಡ. ಚೆಲ್ಲಿದ ಮೇಲೆ ಡ್ರಮ್ಮಿನ ಒಳಗೋಡೆಯನ್ನು ತೆಂಗಿನ ಸಿಪ್ಪೆಯಿಂದ ಗಸಗಸ ತಿಕ್ಕಿ, ಈಡಿಸ್ ಮೊಟ್ಟೆ ಇಡುದು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಗೋಡೆಗೆ, ಆ ಮೊಟ್ಟೆ ಒಣಗಿ ತಿಂಗಳುಗಟ್ಟಲೆ ಇದ್ದರೂ ಸಾಯುದಿಲ್ಲ, ಮುಂದಿನ ಮಳೆಗೆ ನೀರು ತಾಗಿದ ಕೂಡ್ಲೆ ಒಡೀತದೆ. ಬಿಟಿಐ ಚೆಲ್ಲಲಿಕ್ಕೆ ಆಗದ ನೀರಿಗೆ ಇಟ್ಟುಕೊಳ್ಳಿ, ಪ್ಯಾಕೆಟಿನಲ್ಲಿ ಬರೆದ ಅಳತೆಗೇ, ಮತ್ತೆ ಮರಿಗಳು ಸಣ್ಣ ಇರುವಾಗ ಹಾಕಿ, ಹರಳು ಕೆಳಗೆ ಕೂತು ಹೋದ ಮೇಲೆ ಪುನಃ ಹಾಕ್ಬೇಕಾಗ್ತದೆ. ತೋಟದ ಹಾಳೆಗಳಿಗೆ ಪುಡಿ ಹಾಕ್ಲಿಕ್ಕೆ ಹೋದ್ರೆ ಮುಗಿಯುದಿಲ್ಲ, ಬಿದ್ದ ಹಾಳೆಯನ್ನು ವಾರಕ್ಕೊಮ್ಮೆ ಹೆಕ್ಕಿ ಕವುಚಿ ಹಾಕುದು ಅಥವಾ ಒಂದು ಕಡೆ ಮಳೆ ಬೀಳದಲ್ಲಿ ಒಟ್ಟು ಮಾಡುದು, ಪಕ್ಕದಲ್ಲಿ ರಬ್ಬರ್ ಇದ್ದರೆ ಟ್ಯಾಪಿಂಗ್ ನಿಲ್ಲಿಸಿದ ತಿಂಗಳಲ್ಲಿ ಗೆರಟೆಗಳನ್ನು ಬೋರಲು ಹಾಕ್ಲಿಕ್ಕೆ ಹೇಳುದು. ವಾರ ಯಾಕೆ ಹೇಳಿದ್ರೆ ಮರಿಗೆ ಊಟ ಮುಗಿಸಿ ಕೊಕ್ಕೆ ಆಗ್ಲಿಕ್ಕೆ ಅಷ್ಟು ದಿನ ಬೇಕು. ಶನಿವಾರ ಶಾಲೆಗೆ ರಜೆ ಇದ್ದರೆ ಎರಡು ಹಾಳೆಯ ನೀರು ಬಾಟ್ಲಿಯಲ್ಲಿ ತುಂಬಿಸಿ ಇಡಿ, ಸೋಮವಾರ ಮಕ್ಕಳಿಗೆ ಥೈಮಾಲ್ ಬ್ಲೂ ತೋರಿಸಿ, ಬಾಟ್ಲಿಯ ಬಾಯಿಗೆ ಬಟ್ಟೆ ಬಿಗಿಯಾಗಿ ಕಟ್ಟುದು ಮರೀಬೇಡಿ.